ಹೊಣೆ ನನ್ನೊಬ್ಬನದೇ

ಗೆದ್ದ ಸೇನಾಪತಿಯ ಮಾತನ್ನು ಲೋಕವೆಲ್ಲ ಕೇಳುತ್ತದೆ. ಒಂದು ವೇಳೆ ಸೋತಿದ್ದರೆ ಆತನ ಬಾಯಿಂದ ಯಾವ ಮಾತು ಹೊರಡುತ್ತಿತ್ತು ಎಂಬುದನ್ನು ತಿಳಿಯುವ ಸಂದರ್ಭ ಚರಿತ್ರೆಯಲ್ಲಿ ಬಹು ವಿರಳ. ಅಂತಹ ವಿರಳವಾದ ಸಾಕ್ಷ್ಯವೊಂದು ಅಮೆರಿಕಾದ ಕಾನ್ಸಾಸ್ ಸಂಸ್ಥಾನದ ಅಬಿಲೀನ್ ಎಂಬ ಚಿಕ್ಕ ಪಟ್ಟಣದ ಪತ್ರಾಗಾರದಲ್ಲಿದೆ. ಅದೊಂದು ಪುಟ್ಟ ಕಾಗದ. ಅದರ ಮೇಲೆ ಸೀಸದಕಡ್ಡಿಯಿಂದ ಬರೆದ ನಾಲ್ಕೇ ನಾಲ್ಕು ವಾಕ್ಯಗಳು. ಬರೆದವರು ದ್ವಿತೀಯ ಮಹಾಯುದ್ಧದಲ್ಲಿ ಪಶ್ಚಿಮ ಯೂರೋಪಿನ ಮಿತ್ರಸೇನೆಗಳಿಗೆ ಪರಮೋಚ್ಚ ದಂಡನಾಯಕರಾಗಿದ್ದು, ಅನಂತರ ೧೯೫೩ರಿಂದ ೧೯೬೧ರವರೆಗೆ ಅಮೆರಿಕಾದ ಅಧ್ಯಕ್ಷಪದವಿಯನ್ನು ನಿರ್ವಹಿಸಿದ ಡ್ವೈಟ್ ಡೇವಿಡ್ ಐಸೆನ್‌ಹೋವರ್.

೧೯೪೪ರ ಜೂನ್ ತಿಂಗಳ ಮೊದಲ ವಾರ. ಹಿಟ್ಲರನ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ದಂಡೆತ್ತಿ ಹೋಗಲು ಲಕ್ಷಾಂತರ ಸೈನಿಕರು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಸಿದ್ಧರಾಗಿ ನಿಂತಿದ್ದರು. ಜೂನ್ ೫ನೆಯ ದಿನ ಗೊತ್ತಾಗಿದ್ದ ದಾಳಿಯನ್ನು ಬಿರುಗಾಳಿಯ ದೆಸೆಯಿಂದ ಒಂದು ದಿನ ಮುಂದೂಡಬೇಕಾಯಿತು. ಮಳೆ ಗಾಳಿಗಳ ನಡುವೆ ಅಲ್ಪಕಾಲದ ಬಿಡುವೊಂದು ದೊರೆಯಬಹುದೆಂದು ಹವಾಮಾನ ತಜ್ಞ ಜೇಮ್ಸ್ ಸ್ಟಾಗ್ ಸೂಚಿಸಿದರು. ಆ ಒಂದು ಸೂಚನೆಯನ್ನು ನಂಬಿ ಹೊರಡುವುದೋ, ವಾರಗಟ್ಟಲೆ ಕಾಯುವುದೋ? ಪೋರ್ಟ್ಸ್‌ಮತ್ ಬಳಿಯ ಸೌತ್‌ವಿಕ್ ಭವನದಲ್ಲಿ ನೆರೆದಿದ್ದ ದಳಪತಿಗಳ ಕಣ್ಣುಗಳೆಲ್ಲ ಒಬ್ಬರ ಮೇಲೆಯೇ ನೆಟ್ಟಿದ್ದವು. ಹೊರಡಬಹುದೆಂದು ಐಸೆನ್‌ಹೋವರ್ ಅಪ್ಪಣೆ ಕೊಟ್ಟರು.

ಅಪ್ಪಣೆ ಕೊಟ್ಟ ಮೇಲೆ ಸೇನಾಪತಿಗೆ ಮಾಡಲು ಉಳಿಯುವ ಕೆಲಸ ಬಹಳವಿಲ್ಲ. ಬಾಣ ಬತ್ತಳಿಕೆಯನ್ನು ಬಿಟ್ಟಾಗಿತ್ತು. ಆ ಸಂಜೆ ಅವರು ವಿಮಾನವೇರಲು ಸಿದ್ಧವಾಗುತ್ತಿದ್ದ ೧೦೧ನೆಯ ಛತ್ರೀದಳದ ಯುವಕರ ನಡುವೆ ಓಡಾಡಿ, ಯಾವ ಊರು, ಮನೆಯಲ್ಲಿ ಏನು ಬೆಳೆ ಎಂದು ವಿಚಾರಿಸಿದರು. ಈ ಯುವಕರಲ್ಲಿ ಅರ್ಧಕ್ಕೂ ಮಿಕ್ಕವರು ಹಿಂದಿರುಗಲಾರರೆಂದು ವಿಮಾನದಳದ ಮುಖ್ಯಸ್ಥ ಲೀ-ಮ್ಯಾಲರಿ ಅವರು ಕೆಲವೇ ದಿನಗಳ ಹಿಂದೆ ಎಚ್ಚರಿಸಿದ್ದರು. ಅದೃಷ್ಟವಶಾತ್ ಆ ಭೀತಿ ಅಷ್ಟರ ಮಟ್ಟಿಗೆ ನಿಜವಾಗಲಿಲ್ಲ. ಆದರೆ ಅಂದು ಅದನ್ನು ಬಲ್ಲವರಾರು?

ಅದೇ ಸಮಯದಲ್ಲಿ ಹುಟ್ಟಿದ್ದು ಆ ಪುಟ್ಟ ಕಾಗದ. ದಾಳಿ ವಿಫಲವಾದರೆ ಪ್ರಕಟಿಸಬೇಕಾದ ಹೇಳಿಕೆ ಅದು. ಷೆರ್ಬೋರ್ ಮತ್ತು ಹಾವ್ರ್ ನಡುವಣ ತೀರದಲ್ಲಿ ನೆಲೆಯೂರಲು ಆಗಲಿಲ್ಲ. ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡಿದ್ದೇನೆ. ಲಭ್ಯವಿದ್ದ ಅತ್ಯುತ್ತಮ ಮಾಹಿತಿಯನ್ನು ಆಧರಿಸಿಯೇ ಈ ನಿರ್ಧಾರ ಮಾಡಿದ್ದೆ. ಸೈನಿಕರು, ವೈಮಾನಿಕರು, ನಾವಿಕರು ಶೌರ್ಯವೂ ಕರ್ತವ್ಯನಿಷ್ಠೆಯೂ ಮಾಡಬಲ್ಲುದೆಲ್ಲವನ್ನೂ ಮಾಡಿದರು. ತಪ್ಪೇನಾದರೂ ಇದ್ದರೆ ಅದು ನನ್ನೊಬ್ಬನದೇ—ಇಷ್ಟೇ ಅದರ ಸಾರಾಂಶ.

ಬರೆದ ಮಾತಿಗಿಂತಲೂ ಹೊಡೆದುಹಾಕಿದ ಮಾತುಗಳು ಹೆಚ್ಚು ಕುತೂಹಲಕರವಾಗಿವೆ. ಸೈನ್ಯವನ್ನು 'ಹಿಂತೆಗೆದುಕೊಳ್ಳಲಾಗಿದೆ' ಎಂಬ ಅರ್ಥ ಬರುವಂತೆ ಅವರು ಮೊದಲು ಬರೆದಿದ್ದರು. ಅದನ್ನು ಹೊಡೆದು 'ಹಿಂತೆಗೆದುಕೊಂಡಿದ್ದೇನೆ' ಎಂದು ತಿದ್ದಿದರು. 'ಈ ಕಾರ್ಯಾಚರಣೆ' ಎಂದಿದ್ದ ಕಡೆ 'ಆಕ್ರಮಿಸುವ ನನ್ನ ನಿರ್ಧಾರ' ಎಂದು ಬದಲಾಯಿಸಿದರು. ಸರ್ಕಾರಿ ಕಾಗದಗಳನ್ನು ಓದಿ ಬಲ್ಲವರಿಗೆ ಈ ತಿದ್ದುಪಡಿಯ ಬೆಲೆ ಚೆನ್ನಾಗಿ ಗೊತ್ತು. 'ಮಾಡಲಾಗಿದೆ', 'ತೀರ್ಮಾನಿಸಲಾಗಿದೆ' ಎಂಬ ಮಾತುಗಳಲ್ಲಿ ಕೆಲಸ ಕಾಣುತ್ತದೆ, ಮಾಡಿದವನು ಮಾತ್ರ ಕಾಣುವುದಿಲ್ಲ. ಆ ಪರದೆಯ ಹಿಂದೆ ಅಡಗಲು ಒಪ್ಪದೆ ಒಬ್ಬ ಮನುಷ್ಯ ಈಚೆಗೆ ಬಂದು ನಿಂತದ್ದನ್ನು ಸೀಸದಕಡ್ಡಿಯ ಆ ಎರಡು ಗೀಟುಗಳು ತೋರಿಸುತ್ತವೆ. ಮನಸ್ಸಿನ ಕಳವಳಕ್ಕೂ ಅಲ್ಲಿ ಗುರುತಿದೆ: ಜೂನ್ ೫ ಎಂದು ಬರೆಯುವ ಬದಲು ಕೈ ತಪ್ಪಿ ಜುಲೈ ೫ ಎಂದು ಬರೆದಿದ್ದಾರೆ.

ಜೂನ್ ೬ರಂದು ಮಿತ್ರಸೇನೆಗಳು ತೀರದಲ್ಲಿ ಕಾಲೂರಿದವು. ಕಾಗದ ಪಾಕೀಟಿನಲ್ಲಿಯೇ ಉಳಿಯಿತು. ತಿಂಗಳು ಕಳೆದ ಮೇಲೆ ಅದು ಕಣ್ಣಿಗೆ ಬಿದ್ದಾಗ ಐಸೆನ್‌ಹೋವರರು ಅದನ್ನು ತಮ್ಮ ನೌಕಾ ಸಹಾಯಕಾಧಿಕಾರಿ ಹ್ಯಾರಿ ಬುಚರ್ ಅವರಿಗೆ ತೋರಿಸಿದರು. ಸಮುದ್ರದ ಮೂಲಕ ನಡೆಸಿದ ಪ್ರತಿಯೊಂದು ದಾಳಿಗೆ ಮೊದಲೂ ಇಂತಹುದನ್ನೇ ಬರೆದು, ಆಮೇಲೆ ಗುಟ್ಟಾಗಿ ಹರಿದುಹಾಕುತ್ತಿದ್ದುದಾಗಿ ತಿಳಿಸಿದರು. ಬುಚರ್ ಬೇಡಿ ಇಟ್ಟುಕೊಂಡದ್ದರಿಂದ ಈ ಒಂದು ಕಾಗದ ಉಳಿಯಿತು. ಹರಿದುಹೋದವು ಹೋದವು.

ಖಡ್ಗಕ್ಕಿಂತ ಮೊದಲು ಲೇಖನಿ

ಐಸೆನ್‌ಹೋವರರ ಸೇನಾಜೀವನದ ದಾಖಲೆಗಳನ್ನು ಮೊದಲಿನಿಂದ ನೋಡುತ್ತ ಬಂದವರಿಗೆ ವೀರಕಥೆಯ ನಾಯಕ ಸುಲಭವಾಗಿ ಸಿಗುವುದಿಲ್ಲ. ೧೮೯೦ರಲ್ಲಿ ಟೆಕ್ಸಾಸಿನ ಡೆನಿಸನ್ನಿನಲ್ಲಿ ಹುಟ್ಟಿ, ಅಬಿಲೀನಿನ ಬಡ ಕುಟುಂಬದಲ್ಲಿ ಬೆಳೆದ ಹುಡುಗ; ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ೧೯೧೫ರಲ್ಲಿ ಹೊರಬಂದ ೧೬೪ ಮಂದಿಯಲ್ಲಿ ೬೧ನೆಯವನು. ಪ್ರಥಮ ಮಹಾಯುದ್ಧದ ಕಾಲದಲ್ಲಿ ಯುದ್ಧರಂಗಕ್ಕೆ ಹೋಗುವ ಆಸೆ ಕೈಗೂಡಲಿಲ್ಲ. ಗೆಟ್ಟಿಸ್‌ಬರ್ಗಿನ ಶಿಬಿರದಲ್ಲಿ ಟ್ಯಾಂಕುಪಡೆಗೆ ತರಬೇತಿ ಕೊಡುತ್ತಿದ್ದಾಗಲೇ ೧೯೧೮ರ ನವೆಂಬರಿನಲ್ಲಿ ಯುದ್ಧ ಮುಗಿದುಹೋಯಿತು. ೧೯೨೦ರಿಂದ ೧೯೩೬ರವರೆಗೆ ಹದಿನಾರು ವರ್ಷಗಳ ಕಾಲ ಅವರು ಮೇಜರ್ ಹುದ್ದೆಯಲ್ಲಿಯೇ ಇದ್ದರು. ಗುಮಾಸ್ತೆಯಾಗಿದ್ದವನು ಗುಮಾಸ್ತೆಯಾಗಿಯೇ ನಿವೃತ್ತನಾಗುವ ಕಥೆ ನಮ್ಮ ನಗರಗಳ ಮನೆಮನೆಗೂ ಪರಿಚಿತವಾದದ್ದು. ಈ ಅಧಿಕಾರಿಯ ಪಾಡೂ ಅದೇ ಆಗಬಹುದಿತ್ತು.

ಆದರೆ ಆ ವರ್ಷಗಳು ವ್ಯರ್ಥವಾಗಿರಲಿಲ್ಲ. ೧೯೨೬ರಲ್ಲಿ ಲೆವನ್‌ವರ್ತ್ ಸೇನಾ ಶಾಲೆಯಲ್ಲಿ ತಮ್ಮ ತರಗತಿಗೇ ಮೊದಲಿಗರಾದರು. ವಾಷಿಂಗ್‌ಟನ್ನಿನಲ್ಲಿಯೂ ಫಿಲಿಪೈನ್ಸಿನಲ್ಲಿಯೂ ಸೇನಾನಿ ಮ್ಯಾಕಾರ್ಥರರ ಕೈಕೆಳಗೆ ದುಡಿಯುತ್ತ, ತೊಡಕಿನ ವಿಷಯವನ್ನು ನಾಲ್ಕು ಸಾಲಿನಲ್ಲಿ ತಿಳಿಯಾಗಿ ಬರೆಯುವ ವಿದ್ಯೆಯನ್ನು ಕರಗತ ಮಾಡಿಕೊಂಡರು. ಪರ್ಲ್ ಹಾರ್ಬರಿನ ಮೇಲೆ ಜಪಾನ್ ಎರಗಿದ ಒಂದು ವಾರಕ್ಕೆ, ೧೯೪೧ರ ಡಿಸೆಂಬರ್ ೧೪ರಂದು, ಪ್ರಧಾನ ಸೇನಾನಿ ಜಾರ್ಜ್ ಮಾರ್ಷಲ್ ಅವರನ್ನು ವಾಷಿಂಗ್‌ಟನ್ನಿಗೆ ಕರೆಸಿ, ಪೆಸಿಫಿಕ್ ರಂಗದಲ್ಲಿ ನಾವು ಹಿಡಿಯಬೇಕಾದ ದಾರಿ ಯಾವುದೆಂದು ಕೇಳಿದರು. ಐಸೆನ್‌ಹೋವರರು ಕೆಲವು ಗಂಟೆಗಳ ಅವಕಾಶ ಬೇಡಿ, ಉತ್ತರವನ್ನು ಬರೆದು ತಂದುಕೊಟ್ಟರು. ರಣರಂಗದ ಅನುಭವವಿಲ್ಲದ ಈ ಅಧಿಕಾರಿ ಮೂರೇ ವರ್ಷಗಳೊಳಗೆ ಲಕ್ಷೋಪಲಕ್ಷ ಸೈನಿಕರ ನಾಯಕನಾದದ್ದಕ್ಕೆ ಅವರ ಲೇಖನಿಯೂ ಒಂದು ಕಾರಣ.

ಅಬಿಲೀನಿನ ಪತ್ರಾಗಾರದಲ್ಲಿ ದೊಡ್ಡ ದೊಡ್ಡ ಆಜ್ಞೆಗಳ ನಡುವೆ ಸಣ್ಣ ದುಃಖಗಳೂ ಇವೆ. ೧೯೪೨ರ ಮಾರ್ಚಿನಲ್ಲಿ ತಂದೆ ತೀರಿಕೊಂಡರು. ಯುದ್ಧದ ಕೆಲಸ ಬಿಟ್ಟು ಊರಿಗೆ ಹೋಗುವಂತಿರಲಿಲ್ಲ. ಅಂತ್ಯಕ್ರಿಯೆಯ ದಿನ ಅರ್ಧ ಗಂಟೆಯ ಕಾಲ ಎಲ್ಲ ಕೆಲಸವನ್ನೂ ಭೇಟಿಗಳನ್ನೂ ನಿಲ್ಲಿಸಿ, ಒಬ್ಬರೇ ಕುಳಿತು ತಂದೆಯನ್ನು ನೆನೆದುದಾಗಿ ದಿನಚರಿಯಲ್ಲಿ ಬರೆದಿದ್ದಾರೆ. ಅದಕ್ಕೂ ಹಿಂದೆ, ೧೯೨೧ರಲ್ಲಿ, ಮೂರು ವರ್ಷದ ಚೊಚ್ಚಲ ಮಗ ಕೆಂಪುಜ್ವರಕ್ಕೆ ತುತ್ತಾಗಿದ್ದ; ಆ ಗಾಯ ಕೊನೆಯವರೆಗೂ ಮಾಯಲಿಲ್ಲ. ಯುದ್ಧಕಾಲದಲ್ಲಿ ಪತ್ನಿ ಮೇಮಿಗೆ ಅವರು ಮುನ್ನೂರಕ್ಕೂ ಮಿಕ್ಕ ಪತ್ರಗಳನ್ನು ಸ್ವಹಸ್ತದಿಂದ ಬರೆದರು. ಆ ಪತ್ರಗಳನ್ನು ಮಗ ಜಾನ್ ಮುಂದೆ ಸಂಪಾದಿಸಿ ೧೯೭೮ರಲ್ಲಿ ಪುಸ್ತಕವಾಗಿ ಹೊರತಂದರು.

ಕಣ್ಣಾರೆ ಕಂಡ ಸಾಕ್ಷಿ

ದಾಖಲೆಯ ಬೆಲೆಯನ್ನು ಐಸೆನ್‌ಹೋವರರು ಎಷ್ಟು ಬಲ್ಲವರಾಗಿದ್ದರೆಂಬುದಕ್ಕೆ ೧೯೪೫ರ ಏಪ್ರಿಲ್ ತಿಂಗಳ ಒಂದು ಪತ್ರ ಸಾಕ್ಷಿ. ಆ ತಿಂಗಳ ೧೨ರಂದು ಅವರು ಜರ್ಮನಿಯ ಓರ್‌ಡ್ರೂಫ್ ಎಂಬಲ್ಲಿದ್ದ ನಾಜಿ ಬಂದೀಶಿಬಿರವನ್ನು ಪ್ರವೇಶಿಸಿದರು. ಹಸಿವಿನಿಂದಲೂ ಹಿಂಸೆಯಿಂದಲೂ ಸತ್ತವರ ಹೆಣಗಳನ್ನು ಅಲ್ಲಿ ರಾಶಿ ಹಾಕಲಾಗಿತ್ತು. ಜೊತೆಯಲ್ಲಿದ್ದ ಕಠಿಣ ಸ್ವಭಾವದ ಸೇನಾನಿ ಪ್ಯಾಟನ್ ಕೂಡ ಒಂದು ಕೋಣೆಯೊಳಗೆ ಕಾಲಿಡಲಾರದೆ ಹಿಂದೆ ಸರಿದರು. ಐಸೆನ್‌ಹೋವರರು ಮಾತ್ರ ಶಿಬಿರದ ಮೂಲೆಮೂಲೆಯನ್ನೂ ನೋಡಿದರು.

ಮೂರು ದಿನಗಳ ಅನಂತರ ಮಾರ್ಷಲರಿಗೆ ಬರೆದ ಪತ್ರದಲ್ಲಿ ಕಾರಣವನ್ನು ತಿಳಿಸಿದ್ದಾರೆ. ಇದೆಲ್ಲ ಬರಿಯ ಪ್ರಚಾರವೆಂದು ಮುಂದೆಂದಾದರೂ ಯಾರಾದರೂ ಹೇಳಹೊರಟರೆ, ಕಣ್ಣಾರೆ ಕಂಡವನಾಗಿ ಸಾಕ್ಷಿ ನುಡಿಯಲು ಸಾಧ್ಯವಾಗಲೆಂದು ತಾವು ಬುದ್ಧಿಪೂರ್ವಕವಾಗಿಯೇ ಅಲ್ಲಿಗೆ ಹೋದುದಾಗಿ ಅವರು ಬರೆದರು. ಶಾಸನಸಭೆಯ ಸದಸ್ಯರನ್ನೂ ಪತ್ರಿಕಾ ಸಂಪಾದಕರನ್ನೂ ಕರೆಸಿ ಈ ಶಿಬಿರಗಳನ್ನು ತೋರಿಸುವ ಏರ್ಪಾಡು ಮಾಡಿದರು. ನಡೆದುದನ್ನು ನಡೆಯಲೇ ಇಲ್ಲವೆಂದು ವಾದಿಸುವ ಜನ ಮುಂದೆ ನಿಜವಾಗಿಯೂ ಹುಟ್ಟಿಕೊಂಡರು. ಅವರಿಗೆ ಉತ್ತರ ಕೊಡಲು ಆ ಪತ್ರ ಇಂದಿಗೂ ಇದೆ.

ನಗೆಮೊಗದ ಹಿಂದೆ

ಯುದ್ಧ ಮುಗಿದ ಮೇಲೆ ಪ್ರಧಾನ ಸೇನಾನಿ, ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷ, ಪ್ಯಾರಿಸ್ಸಿನಲ್ಲಿ ನ್ಯಾಟೋ ಸೇನೆಗಳ ನಾಯಕ—ಹೀಗೆ ಮೆಟ್ಟಿಲೇರಿದ ಅವರು ೧೯೫೨ರ ಚುನಾವಣೆಯಲ್ಲಿ ೪೪೨ ಮತಗಳನ್ನು ಗಳಿಸಿ, ೮೯ ಪಡೆದ ಎದುರಾಳಿಯನ್ನು ಸೋಲಿಸಿ ಶ್ವೇತಭವನಕ್ಕೆ ಬಂದರು. ೧೯೫೬ರಲ್ಲಿ ಎರಡನೆಯ ಬಾರಿಯೂ ಗೆದ್ದರು. ಭಾರತದ ಹಿರಿಯ ತಲೆಮಾರಿನವರು ಅವರನ್ನು ೧೯೫೯ರ ಡಿಸೆಂಬರಿನ ದೆಹಲಿ ಭೇಟಿಯಿಂದ ಬಲ್ಲರು; ರಾಮಲೀಲಾ ಮೈದಾನದಲ್ಲಿ ಅವರನ್ನು ನೋಡಲು ಜನಸಾಗರವೇ ಸೇರಿತ್ತು. ಅದಕ್ಕೆ ಮೂರು ವರ್ಷ ಮೊದಲು ಪ್ರಧಾನಿ ನೆಹರೂ ಅವರು ಗೆಟ್ಟಿಸ್‌ಬರ್ಗಿನ ತೋಟದ ಮನೆಯಲ್ಲಿ ಅವರ ಅತಿಥಿಯಾಗಿದ್ದರು. ಗಂಟೆಗಟ್ಟಲೆ ನಡೆದ ಆ ಏಕಾಂತ ಸಂಭಾಷಣೆಯ ಟಿಪ್ಪಣಿಯೂ ಕಾಗದಪತ್ರಗಳಲ್ಲಿ ಸೇರಿದೆ.

ಅಧಿಕಾರ ಬಿಟ್ಟ ಕಾಲಕ್ಕೆ ವಿದ್ವಾಂಸರ ಅಭಿಪ್ರಾಯ ಅಷ್ಟು ಅನುಕೂಲವಾಗಿರಲಿಲ್ಲ. ಸದಾ ನಗುಮುಖ, ಸದಾ ಗಾಲ್ಫ್ ಆಟ, ಆಡಳಿತವೆಲ್ಲ ಮಂತ್ರಿಗಳದು ಎಂಬುದು ಸಾಮಾನ್ಯ ಮಾತಾಗಿತ್ತು. ೧೯೬೨ರಲ್ಲಿ ಇತಿಹಾಸಕಾರರು ಅಧ್ಯಕ್ಷರನ್ನೆಲ್ಲ ಸಾಲಾಗಿ ನಿಲ್ಲಿಸಿ ಅಳೆದಾಗ ಐಸೆನ್‌ಹೋವರರಿಗೆ ಇಪ್ಪತ್ತನೆಯದಕ್ಕಿಂತಲೂ ಕೆಳಗಿನ ಸ್ಥಾನ ಸಿಕ್ಕಿತು.

ಈ ತೀರ್ಪನ್ನು ತಿದ್ದಿದ್ದು ಯಾವ ಅಭಿಮಾನಿಯ ಭಾಷಣವೂ ಅಲ್ಲ, ಒಬ್ಬ ಕಾರ್ಯದರ್ಶಿನಿಯ ಶಿಸ್ತು. ಎಂಟು ವರ್ಷಗಳ ಕಾಲ ಅಧ್ಯಕ್ಷರ ಆಪ್ತ ಕಾರ್ಯದರ್ಶಿನಿಯಾಗಿದ್ದ ಆನ್ ವಿಟ್‌ಮನ್ ಅವರು ಪತ್ರ, ಟಿಪ್ಪಣಿ, ದೂರವಾಣಿ ಸಂಭಾಷಣೆ, ಸಭೆಯ ನಡವಳಿ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಎಪ್ಪತ್ತರ ದಶಕದಲ್ಲಿ ಈ ಕಡತಗಳು ಸಂಶೋಧಕರಿಗೆ ತೆರೆದುಕೊಂಡವು. ಅಲ್ಲಿ ಕಂಡ ಅಧ್ಯಕ್ಷನೇ ಬೇರೆ: ಪ್ರತಿಯೊಂದು ಕರಡನ್ನೂ ತಿದ್ದುವವನು, ಪರದೆಯ ಹಿಂದೆ ಸೂತ್ರವನ್ನು ಬಿಗಿಯಾಗಿ ಹಿಡಿದವನು, ಬೇಕೆಂದೇ ಬಹಿರಂಗದಲ್ಲಿ ಮಂದನಂತೆ ತೋರಿಸಿಕೊಳ್ಳಬಲ್ಲವನು. ಫ್ರೆಡ್ ಗ್ರೀನ್‌ಸ್ಟೈನ್ ಎಂಬ ವಿದ್ವಾಂಸರು ೧೯೮೨ರಲ್ಲಿ ಈ ಕಡತಗಳ ಆಧಾರದಿಂದಲೇ ಪ್ರಸಿದ್ಧ ಗ್ರಂಥವೊಂದನ್ನು ಬರೆದರು. ೨೦೧೭ರಲ್ಲಿಯೂ ೨೦೨೧ರಲ್ಲಿಯೂ ಸಿ-ಸ್ಪ್ಯಾನ್ ಸಂಸ್ಥೆ ಇತಿಹಾಸಕಾರರನ್ನು ಕೇಳಿದಾಗ ಅವರು ಐದನೆಯ ಸ್ಥಾನಕ್ಕೆ ಏರಿದ್ದರು.

ಆದರೆ ದಾಖಲೆ ಯಾರ ಬಂಧುವೂ ಅಲ್ಲ. ಹೊಗಳಿದ ಕೈಯಲ್ಲಿಯೇ ಅದು ತೆಗಳುತ್ತದೆ. ೧೯೫೩ರ ಆಗಸ್ಟಿನಲ್ಲಿ ಇರಾನಿನ ಪ್ರಧಾನಿ ಮೊಸಾದೆಖ್ ಅವರನ್ನು ಅಧಿಕಾರದಿಂದ ಉರುಳಿಸಲಾಯಿತು. 'ಉರುಳಿಸಲಾಯಿತು'—ಇಲ್ಲಿ ಮಾಡಿದವರ ಹೆಸರಿಲ್ಲ! ಆ ಹೆಸರನ್ನು ಮರೆಮಾಡುವುದೇ ಅಂದಿನ ಉದ್ದೇಶವಾಗಿತ್ತು. ಅಕ್ಟೋಬರಿನ ದಿನಚರಿಯಲ್ಲಿ ಐಸೆನ್‌ಹೋವರರು, ನಾವು ಮಾಡಿದ್ದು ಗುಪ್ತ ಕಾರ್ಯ. ಅದು ಹೊರಬಿದ್ದರೆ ಆ ಪ್ರದೇಶದಲ್ಲಿ ಮುಖಭಂಗವಾಗುವುದಲ್ಲದೆ, ಮುಂದೆ ಇಂತಹ ಕೆಲಸ ಮಾಡುವ ಅವಕಾಶವೂ ಹೋದೀತು ಎಂಬರ್ಥದ ಮಾತನ್ನು ಬರೆದಿದ್ದಾರೆ. ನಾರ್ಮಂಡಿಯ ಸೋಲನ್ನು ನನ್ನದೆಂದು ಒಪ್ಪಲು ಸಿದ್ಧವಾಗಿದ್ದ ಕೈಯೇ ಇರಾನಿನ 'ಗೆಲುವಿ'ನಿಂದ ತನ್ನ ಸಹಿಯನ್ನು ಅಳಿಸಿತ್ತು. ಸಿ.ಐ.ಎ. ಗೂಢಚಾರ ಸಂಸ್ಥೆಯ ಪಾತ್ರವನ್ನು ಒಪ್ಪುವ ಆ ಸಂಸ್ಥೆಯದೇ ಕಾಗದಗಳು ಬಿಡುಗಡೆಯಾದದ್ದು ೨೦೧೩ರಲ್ಲಿ, ಅರವತ್ತು ವರ್ಷ ಕಳೆದ ಮೇಲೆ.

ಲಿಟ್ಲ್ ರಾಕ್ ಪ್ರಕರಣದ ಕಡತವೂ ಹೀಗೆಯೇ ಎರಡು ಮುಖದ್ದು. ಕರಿಯ ಮತ್ತು ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂದು ಸರ್ವೋಚ್ಚ ನ್ಯಾಯಾಲಯ ೧೯೫೪ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪು ತಮಗೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಅಧ್ಯಕ್ಷರು ಬಹಿರಂಗವಾಗಿ ಹೇಳಲೇ ಇಲ್ಲ. ೧೯೫೭ರ ಸೆಪ್ಟೆಂಬರಿನಲ್ಲಿ ಅರ್ಕಾನ್ಸಾಸಿನ ರಾಜ್ಯಪಾಲ ಫಾಬಸ್, ಒಂಬತ್ತು ಕರಿಯ ವಿದ್ಯಾರ್ಥಿಗಳು ಶಾಲೆಯ ಬಾಗಿಲು ಹೊಗದಂತೆ ಸಂಸ್ಥಾನದ ಪಡೆಯನ್ನು ನಿಲ್ಲಿಸಿದ. ಅಧ್ಯಕ್ಷರು ಆತನನ್ನು ಕರೆಸಿ ಮಾತನಾಡಿದರು. ಆ ಮಾತುಕತೆಯ ಟಿಪ್ಪಣಿಯಲ್ಲಿ ಅವರ ತಾಳ್ಮೆಯೂ ಕಾಣುತ್ತದೆ, ಹಿಂಜರಿಕೆಯೂ ಕಾಣುತ್ತದೆ. ಕಡೆಗೆ ಗುಂಪು ಗಲಭೆಗೆ ತೊಡಗಿದಾಗ, ೨೪ರಂದು, ೧೦೭೩೦ನೆಯ ಸಂಖ್ಯೆಯ ಆಜ್ಞೆಗೆ ಸಹಿ ಹಾಕಿದರು. ಆ ಮಕ್ಕಳನ್ನು ಕಾವಲಿನೊಂದಿಗೆ ತರಗತಿಗೆ ಕರೆದೊಯ್ದವರು ೧೦೧ನೆಯ ದಳದ ಸೈನಿಕರು—ನಾರ್ಮಂಡಿಯ ಹಿಂದಿನ ಸಂಜೆ ಅವರು ಬೀಳ್ಕೊಟ್ಟಿದ್ದ ಅದೇ ದಳ.

ಬೀಳ್ಕೊಡುಗೆಯ ಕರಡು

೧೯೬೧ರ ಜನವರಿ ೧೭ರ ರಾತ್ರಿ ಅವರು ರಾಷ್ಟ್ರವನ್ನುದ್ದೇಶಿಸಿ ಮಾಡಿದ ವಿದಾಯ ಭಾಷಣ ಇಂದಿಗೂ ಪ್ರಸಿದ್ಧ. ಸೈನ್ಯವೂ ಶಸ್ತ್ರೋದ್ಯಮವೂ ಕೈಕೂಡಿಸಿದ ಕೂಟವು ಆಡಳಿತದ ಮೇಲೆ ಸಲ್ಲದ ಪ್ರಭಾವ ಬೀರದಂತೆ ಪ್ರಜೆಗಳು ಎಚ್ಚರದಿಂದಿರಬೇಕೆಂದು ಆ ಹಳೆಯ ದಂಡನಾಯಕ ಹೇಳಿದರು. ಸೈನ್ಯದಲ್ಲಿಯೇ ನರೆತ ಮನುಷ್ಯ ಹೊರಡುವ ಗಳಿಗೆಯಲ್ಲಿ ಥಟ್ಟನೆ ಆಡಿದ ಮಾತು ಅದೆಂದು ಅನೇಕರು ಬಗೆದಿದ್ದರು.

ನಿಜ ತಿಳಿದದ್ದು ೨೦೧೦ರಲ್ಲಿ. ಭಾಷಣ ಸಿದ್ಧಪಡಿಸಿದವರಲ್ಲಿ ಪ್ರಮುಖರಾದ ಮಾಲ್ಕಮ್ ಮೂಸ್ ಅವರ ಕಾಗದಗಳು ಮಿನೆಸೋಟಾದ ಒಂದು ಕಾಡಿನ ಮನೆಯಲ್ಲಿ, ಧೂಳು ಕಸಗಳ ನಡುವೆ, ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಕುಟುಂಬದವರು ಅವನ್ನು ಗುರುತಿಸಿ ಅಬಿಲೀನಿಗೆ ಒಪ್ಪಿಸಿದರು. ಆಗ ಕಂಡದ್ದು ಒಂದಲ್ಲ, ಎರಡಲ್ಲ, ಹಲವು ಕರಡುಗಳು. ವಿದಾಯದ ಯೋಚನೆ ೧೯೫೯ರಲ್ಲಿಯೇ ಮೊಳೆತಿತ್ತು. ಅಧ್ಯಕ್ಷರೂ ಅವರ ತಮ್ಮ ಮಿಲ್ಟನ್ನರೂ ಸಾಲು ಸಾಲನ್ನೂ ತಿದ್ದಿದ್ದರು. 'ಯುದ್ಧಾಧಾರಿತ ಉದ್ಯಮಕೂಟ' ಎಂಬ ಮೊದಲಿನ ಟಿಪ್ಪಣಿಯ ಮಾತು ಮಾರ್ಪಾಟು ಹೊಂದಿ, ಜಗತ್ತೆಲ್ಲ ಬಲ್ಲ ರೂಪಕ್ಕೆ ಬಂದಿತ್ತು. ಎಚ್ಚರಿಕೆ ಆಕಸ್ಮಿಕವಲ್ಲ, ಚೆನ್ನಾಗಿ ಪರ್ಯಾಲೋಚಿಸಿ ಆಡಿದ್ದೆಂದು ಸಿದ್ಧವಾಯಿತು. ಆ ಪೆಟ್ಟಿಗೆಗಳು ಒಲೆಗೆ ಬಿದ್ದಿದ್ದರೆ ಈ ವಿವರಗಳೆಲ್ಲ ಬೂದಿಯಾಗುತ್ತಿದ್ದವು.

ಕಾಗದ ಯಾರದು?

ಒಲೆಗೆ ಬೀಳುವ ಮಾತು ಬರಿಯ ಊಹೆಯಲ್ಲ. ಅಧ್ಯಕ್ಷನ ಕಾಗದಗಳು ಆತನ ಸ್ವಂತ ಆಸ್ತಿಯೆಂಬುದು ಅಮೆರಿಕಾದ ಹಳೆಯ ಪದ್ಧತಿ. ೧೯೨೩ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಮೃತರಾದ ಮೇಲೆ ಅವರ ಪತ್ನಿ ಅನೇಕ ಕಾಗದಗಳನ್ನು ಸುಟ್ಟುಹಾಕಿದರು. ಲಿಂಕನ್ನರ ಕಾಗದಗಳು ಮಗನ ಇಚ್ಛೆಯಂತೆ ೧೯೪೭ರವರೆಗೆ ಬೀಗಮುದ್ರೆಯಲ್ಲಿದ್ದವು. ತಮ್ಮ ಕಾಗದಗಳನ್ನು ರಾಷ್ಟ್ರಕ್ಕೆ ಕೊಟ್ಟು, ಹೈಡ್ ಪಾರ್ಕಿನಲ್ಲಿ ಅವುಗಳಿಗಾಗಿ ಭವನ ಕಟ್ಟಿಸಿ ಹೊಸ ಪದ್ಧತಿಗೆ ನಾಂದಿ ಹಾಕಿದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಅಂತಹ ಭವನಗಳನ್ನು ಸರ್ಕಾರವೇ ವಹಿಸಿಕೊಂಡು ನೋಡಿಕೊಳ್ಳುವ ಕಾನೂನಿಗೆ ೧೯೫೫ರಲ್ಲಿ ಸಹಿ ಹಾಕಿದವರು ಸ್ವತಃ ಐಸೆನ್‌ಹೋವರ್. ಆದರೂ ಕೊಡುವುದು ಬಿಡುವುದು ಅಧ್ಯಕ್ಷನ ಮರ್ಜಿಗೆ ಬಿಟ್ಟದ್ದಾಗಿತ್ತು. ನಿಕ್ಸನ್ನರ ವಾಟರ್‌ಗೇಟ್ ಹಗರಣ ದೇಶದ ಕಣ್ಣು ತೆರೆಸಿತು. ೧೯೭೮ರಲ್ಲಿ ಹೊಸ ಶಾಸನ ಬಂದು, ೧೯೮೧ರ ಜನವರಿ ೨೦ರಿಂದ ಮುಂದಿನ ಅಧ್ಯಕ್ಷರ ಅಧಿಕೃತ ಕಾಗದಗಳೆಲ್ಲ ಪ್ರಜೆಗಳ ಸ್ವತ್ತೆಂದು ಸಾರಿತು.

ಅಬಿಲೀನಿನ ಸುಣ್ಣಕಲ್ಲಿನ ಭವನ ೧೯೬೨ರಲ್ಲಿ ಸಮರ್ಪಿತವಾಗಿ, ೧೯೬೬ರಲ್ಲಿ ಸಂಶೋಧಕರಿಗೆ ತೆರೆಯಿತು. ಎರಡು ಕೋಟಿಗೂ ಮಿಕ್ಕ ಪುಟಗಳು ಅಲ್ಲಿವೆ. ಅದೇ ಆವರಣದಲ್ಲಿ ಹುಡುಗನಾಗಿ ಬೆಳೆದ ಮನೆಯಿದೆ. ೧೯೬೯ರಲ್ಲಿ ನಿಧನರಾದ ಐಸೆನ್‌ಹೋವರರ ಸಮಾಧಿಯಿದೆ. ಸಾಮಾನ್ಯ ಸೈನಿಕನಿಗೆ ಸಲ್ಲುವ ಎಂಬತ್ತು ಡಾಲರಿನ ಶವಪೆಟ್ಟಿಗೆಯಲ್ಲಿ, ಸಮವಸ್ತ್ರದಲ್ಲಿಯೇ ಅವರನ್ನು ಮಣ್ಣು ಮಾಡಿದರು. ಪಕ್ಕದಲ್ಲಿ ಮೂರು ವರ್ಷದ ಆ ಮಗುವಿದೆ. ಅನಂತರ ಮೇಮಿಯೂ ಅಲ್ಲಿಯೇ ಸೇರಿದರು.

ದೊಡ್ಡವರ ಪ್ರತಿಮೆಗಳನ್ನು ನಿಲ್ಲಿಸುವುದು ಎಲ್ಲ ದೇಶಗಳಿಗೂ ಬರುವ ಕೆಲಸ. ಪ್ರತಿಮೆ ಒಂದೇ ಭಂಗಿಯಲ್ಲಿ ನಿಂತಿರುತ್ತದೆ, ಎದುರು ಮಾತನಾಡುವುದಿಲ್ಲ. ಕಾಗದಗಳು ಹಾಗಲ್ಲ. ಅವು ಹೊಡೆದ ಪದವನ್ನೂ ತೋರಿಸುತ್ತವೆ, ಮುಚ್ಚಿಟ್ಟ ಕೆಲಸವನ್ನೂ ತೋರಿಸುತ್ತವೆ. ನಾರ್ಮಂಡಿಯ ಹೊಣೆಗಾರಿಕೆಯನ್ನೂ ಇರಾನಿನ ಮರೆಮಾಚುವಿಕೆಯನ್ನೂ ಒಂದೇ ಛಾವಣಿಯ ಕೆಳಗೆ ಇಟ್ಟುಕೊಂಡು, ಕೇಳಿದವರಿಗೆ ಎರಡನ್ನೂ ಕೊಡುತ್ತವೆ. ಇದನ್ನು ಮಾಡಿದವರಾರು ಎಂದು ಪ್ರಜೆ ಕೇಳಿದಾಗ ಹೆಸರು ಹಿಡಿದು ಉತ್ತರ ಹೇಳಬಲ್ಲ ಕಡತವೊಂದು ಎಲ್ಲಿಯಾದರೂ ಉಳಿದಿದ್ದರೆ, ಅಲ್ಲಿ ಅಧಿಕಾರಕ್ಕೆ ಅಷ್ಟರಮಟ್ಟಿಗಾದರೂ ಅಂಕೆಯಿದೆ ಎಂದು ತಿಳಿಯಬಹುದು.